ಚೀಟಿಯ ಮೇಲಿನ ಹೆಸರು

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ಶರಪಂಜರ' ನೋಡಿದವರನ್ನು ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಕಲ್ಪನಾ ಅವರ ಕೂಗಾಟದ ಬಗ್ಗೆ. ಹೆರಿಗೆಯ ನಂತರ ಬುದ್ಧಿಭ್ರಮಣೆಗೆ ಒಳಗಾದ ಕಾವೇರಿ ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳಿದ್ದಳು ಎಂಬುದು ಯಾರಿಗೂ ಅಷ್ಟಾಗಿ ನೆನಪಿರುವುದಿಲ್ಲ. ಮನೆಯವರ ಅನುಮಾನದಲ್ಲಿ, ನೆರೆಹೊರೆಯವರ ಮಾತಿನಲ್ಲಿ ಅವಳು ಹುಚ್ಚಾಸ್ಪತ್ರೆಯಿಂದ ಬಂದವಳಾಗಿಯೇ ಉಳಿಯುತ್ತಾಳೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ ತೀರಿಕೊಂಡರು. ಅವರು ಬರೆದದ್ದು ರೋಗಕ್ಕಿಂತ ಹೆಚ್ಚಾಗಿ, ರೋಗ ಹೋದ ಮೇಲೂ ಹೋಗದ ಹೆಸರಿನ ಕಥೆ ಎಂದು ನಮಗನಿಸುತ್ತದೆ.

ಭದ್ರಾವತಿಯ ಹಳೇನಗರದಲ್ಲಿ ನಮಗೆ ಪರಿಚಯದ ಒಬ್ಬ ಆಪಾ ಇದ್ದಾರೆ. ಮೂರನೆಯ ಹೆರಿಗೆಯಾದ ಎರಡು ವಾರಕ್ಕೆ ಅವರು ನಿದ್ದೆ ಬಿಟ್ಟರು, ಮಗು ತನ್ನದಲ್ಲ ಎಂದರು, ಗೋಡೆಯೊಳಗಿಂದ ಯಾರೋ ಕರೆಯುತ್ತಿದ್ದಾರೆಂದರು. ಅತ್ತೆ 'ಅಸರ್' ಎಂದರು. ಪಕ್ಕದ ಮನೆಯ ಅಜ್ಜಿ 'ಬಾಣಂತಿ ಸನ್ನಿ' ಎಂದರು. ಶಿವಮೊಗ್ಗದಲ್ಲಿ ತೋರಿಸಿದ ಮೊದಲ ವೈದ್ಯರ ಚೀಟಿಯಲ್ಲಿ ಒಂದು ಹೆಸರಿತ್ತು, ಎರಡನೆಯವರ ಚೀಟಿಯಲ್ಲಿ ಸ್ಕಿಝೋಫ್ರೇನಿಯಾ ಎಂದಿತ್ತು. ಮಾತ್ರೆಯಿಂದ ನಾಲ್ಕು ತಿಂಗಳಲ್ಲಿ ಗುಣವಾದರು. ಚೀಟಿ ಮಾತ್ರ ಉಳಿಯಿತು.

ಆ ಹೆಸರು ಎಲ್ಲಿಂದ ಬಂತು? 1899ರಲ್ಲಿ ಜರ್ಮನಿಯ ಎಮಿಲ್ ಕ್ರೆಪೆಲಿನ್ ಚಿತ್ತವಿಕಲತೆಗಳನ್ನು ಎರಡು ದೊಡ್ಡ ಪಾಲು ಮಾಡಿದರು. ಬರುತ್ತ ಹೋಗುತ್ತ ಇರುವ ಉನ್ಮಾದ ಮತ್ತು ಖಿನ್ನತೆ ಒಂದು ಕಡೆ, ಮನಸ್ಸನ್ನು ಕ್ರಮೇಣ ಸವೆಸುವ ಕಾಯಿಲೆ ಇನ್ನೊಂದು ಕಡೆ. ಈ ಎರಡನೆಯದಕ್ಕೆ ಸ್ವಿಟ್ಜರ್‌ಲೆಂಡಿನ ಬ್ಲಾಯ್ಲರ್ 1908ರಲ್ಲಿ ಸ್ಕಿಝೋಫ್ರೇನಿಯಾ ಎಂದು ಹೆಸರಿಟ್ಟರು. ತಾನೆಳೆದ ಗೆರೆಯ ಬಗ್ಗೆ ಸ್ವತಃ ಕ್ರೆಪೆಲಿನ್‌ರೇ 1920ರಲ್ಲಿ ಸಂಶಯ ವ್ಯಕ್ತಪಡಿಸಿದ್ದರು. ಆದರೆ ಗೆರೆ ಎಳೆದವನಿಗಿಂತ ಗೆರೆಗೆ ಆಯುಸ್ಸು ಹೆಚ್ಚು!

ನಮ್ಮ ಅಜ್ಜಿಯಂದಿರ 'ಬಾಣಂತಿ ಸನ್ನಿ' ಎಂಬ ಮಾತನ್ನು ವಿದ್ಯಾವಂತರು ಮೂಢನಂಬಿಕೆಯ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಇದು ಅವಸರದ ತೀರ್ಪು. ಆ ಮಾತು ಕಾಯಿಲೆ ಯಾವಾಗ ಬಂತು, ಯಾವ ಸ್ಥಿತಿಯಲ್ಲಿ ಬಂತು ಎಂಬುದನ್ನು ಹೇಳುತ್ತದೆ. ಬಾಣಂತನ ಮುಗಿಯುವಂಥದ್ದು, ಆದ್ದರಿಂದ ಸನ್ನಿಯೂ ಮುಗಿಯಬಹುದೆಂಬ ಆಸೆ ಅದರೊಳಗೇ ಇದೆ. ಆ ಅಜ್ಜಿಯ ಮದ್ದು ತಪ್ಪಿರಬಹುದು, ವರ್ಗೀಕರಣ ಅಷ್ಟೇನೂ ತಪ್ಪಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 11ನೇ ರೋಗಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಬಸಿರು, ಬಾಣಂತನದ ಕಾಲದ ಚಿತ್ತವಿಕಲತೆಗೆ ಅದರಲ್ಲಿ ಪ್ರತ್ಯೇಕ ಜಾಗವಿದೆ. ಹಠಾತ್ತನೆ ಬಂದು ಮೂರು ತಿಂಗಳೊಳಗೆ ಹೋಗುವ ವಿಕಲತೆಗೂ ಬೇರೆ ಜಾಗವಿದೆ.

ಉರ್ದುವಿನ ನಮ್ಮ ಪದ 'ಜುನೂನ್'. ಅದರ ಅರಬಿ ಧಾತುವಿನ ಅರ್ಥ ಮುಚ್ಚುವುದು, ಮರೆಮಾಡುವುದು. ಕಣ್ಣಿಗೆ ಕಾಣದ ಜಿನ್ನೂ ಅದರಿಂದಲೇ, ಗರ್ಭದಲ್ಲಿ ಅಡಗಿದ ಶಿಶು 'ಜನೀನ್' ಕೂಡ ಅದರಿಂದಲೇ. ನಾವು ಮಾತ್ರ ಜಿನ್ನನ್ನು ಹಿಡಿದುಕೊಂಡು ಉಳಿದುದನ್ನು ಬಿಟ್ಟೆವು. ಇಬ್ನ್ ಸೀನಾ ಮಾಲೀಖೂಲಿಯಾದ ಲಕ್ಷಣಗಳನ್ನು ಬಿಡಿಸಿ ಬರೆದು ಸಾವಿರ ವರ್ಷವಾಯಿತು. ಆದರೂ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಗುಣವಾಗಲೆಂದು ದರ್ಗಾದ ಊರಿಗೆ ತಂದು ಸರಪಳಿಯಲ್ಲಿ ಕಟ್ಟಿಟ್ಟಿದ್ದ 28 ಮಂದಿ ಬೆಂಕಿಗೆ ಆಹುತಿಯಾದರು. ಅವರಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ಬೇರ್ಪಡಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಎಲ್ಲರಿಗೂ ಒಂದೇ ಹೆಸರು, ಒಂದೇ ಸರಪಳಿ. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಕೂಡ ಗಂಡನಿಗೆ ಎರಡು ವರ್ಷ ಹುಚ್ಚಿತ್ತೇ ಎಂದಷ್ಟೇ ಕೇಳುತ್ತದೆ, ಎಂಥದ್ದು ಎಂದು ಕೇಳುವುದಿಲ್ಲ.

ಹೊಸ ಪಟ್ಟಿ ಸ್ಕಿಝೋಫ್ರೇನಿಯಾದ ಹಳೆಯ ಉಪಜಾತಿಗಳನ್ನು ಕೈಬಿಟ್ಟಿದೆ. ಬದಲಿಗೆ ಭ್ರಮೆ ಎಷ್ಟು, ಮಂಕು ಎಷ್ಟು, ಖಿನ್ನತೆ, ಉನ್ಮಾದ, ದೇಹದ ಚಲನೆ, ಗ್ರಹಿಕೆಯ ತೊಂದರೆ ಎಷ್ಟೆಷ್ಟು ಎಂದು ಅಳೆದು ಬರೆಯಲು ವೈದ್ಯರಿಗೆ ಅವಕಾಶ ಕೊಟ್ಟಿದೆ. ಇದು ಮೊದಲ ಬಾರಿಯೇ, ಈಗ ಪೂರ್ಣ ಶಮನವಾಗಿದೆಯೇ ಎಂದೂ ಬರೆಯಬಹುದು. ಮನುಷ್ಯನನ್ನು ಒಂದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುವುದಕ್ಕಿಂತ ಇದು ಎಷ್ಟೋ ಮೇಲು. ಇನ್ನೂ ಮುಂದೆ ಹೋಗಿ ಡಬ್ಬಿಗಳೇ ಬೇಡ, ಅಳತೆಗಳು ಸಾಕು ಎನ್ನುವ ಸಂಶೋಧಕರೂ ಇದ್ದಾರೆ. ಜಪಾನಿನವರು 2002ರಲ್ಲಿ ಕಾಯಿಲೆಯ ಹೆಸರನ್ನೇ ಬದಲಿಸಿದರು. 'ಒಡೆದ ಮನಸ್ಸಿನ ಕಾಯಿಲೆ' ಎಂಬ ಅರ್ಥದ ಹಳೆಯ ಪದ ರೋಗಿಗಳ ಕುಟುಂಬದವರಿಗೆ ನೋವುಂಟುಮಾಡುತ್ತಿತ್ತು. ಕನ್ನಡದ 'ಛಿದ್ರಮನಸ್ಕತೆ' ಹೇಳುವುದೂ ಅದನ್ನೇ ಅಲ್ಲವೇ?

ಆದರೆ ಹೆಸರುಗಳೆಲ್ಲ ಸುಳ್ಳು, ಹುಚ್ಚೆಂಬುದೇ ಇಲ್ಲ ಎಂದು ಹೊರಡುವ ಪಂಡಿತರ ಜೊತೆ ನಾವಿಲ್ಲ. ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು 2005ರ ಹೊತ್ತಿಗೆ ಹಳ್ಳಿಗಳಲ್ಲಿದ್ದ ಸ್ಕಿಝೋಫ್ರೇನಿಯಾ ರೋಗಿಗಳನ್ನು ಗುರುತಿಸಿ ಚಿಕಿತ್ಸೆ ಕೊಡತೊಡಗಿದರು. ಔಷಧಿ ಪಡೆದವರ ಅಂಗವಿಕಲತೆ, ಪಡೆಯದೆ ಉಳಿದವರಿಗಿಂತ ಕಡಿಮೆ ಎಂದು ಅವರ ಅಧ್ಯಯನ ತೋರಿಸಿತು. ಅದಕ್ಕೆ ಬಳಸಿದ ಅಳತೆಗೋಲು ಭಾರತದಲ್ಲೇ ರೂಪಿಸಿದ್ದು. ತನ್ನ ಆರೈಕೆ ತಾನು ಮಾಡಿಕೊಳ್ಳುತ್ತಾನೆಯೇ, ಜನರೊಡನೆ ಬೆರೆಯುತ್ತಾನೆಯೇ, ಮಾತು ಅರ್ಥವಾಗುತ್ತದೆಯೇ, ಕೆಲಸಕ್ಕೆ ಹೋಗುತ್ತಾನೆಯೇ ಎಂದು ಅದು ಕೇಳುತ್ತದೆ. ಇದೂ ಒಂದು ವರ್ಗೀಕರಣವೇ. ಹಳ್ಳಿಯ ತಾಯಿಗೆ ಅರ್ಥವಾಗುವುದು ಇದೊಂದೇ.

ಕಥೆಗಾರರಾದ ನಾವೂ ತಪ್ಪಿತಸ್ಥರು. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ತಮ್ಮ ಬರಹಗಳ ಮೂಲಕ, ಸುರೇಶ್ ಹೆಬ್ಳೀಕರ್ ನಿರ್ದೇಶನದ 'ಕಾಡಿನ ಬೆಂಕಿ'ಯಂಥ ಚಿತ್ರಗಳ ಮೂಲಕ ಮನಸ್ಸಿನ ಕಾಯಿಲೆಗಳನ್ನು ಕನ್ನಡಿಗರಿಗೆ ಒಂದೊಂದಾಗಿ ಬಿಡಿಸಿ ತೋರಿಸಿದರು. 2016ರಲ್ಲಿ ಅವರು ತೀರಿಕೊಂಡಾಗ ನಾವೆಲ್ಲ ಹೊಗಳಿ ಮಾತನಾಡಿದೆವು. ಆದರೆ ನಮ್ಮ ಹಳೆಯ ಕಥೆಯೊಂದರಲ್ಲಿ ಅಮೀರ್ ಅಹ್ಮದ್ ಸರ್ಕಲ್‌ನಲ್ಲಿ ನಿಂತು ಸತ್ಯ ನುಡಿಯುವ 'ಹುಚ್ಚ'ನಿದ್ದಾನೆ. ಅವನಿಗೆ ಹೆಸರಿಲ್ಲ, ಮನೆಯಿಲ್ಲ, ಕಾಯಿಲೆಯೂ ಇಲ್ಲ. ನಮಗೆ ಬೇಕಾಗಿದ್ದ ಮಾತು ಹೇಳಿಸಲು ಒಂದು ಬಾಯಿ ಬೇಕಿತ್ತು, ಅಷ್ಟೇ. ಜನರು ಮೆಚ್ಚಿದರು. ಈಗ ಓದಿದರೆ ನಾಚಿಕೆಯಾಗುತ್ತದೆ.

ಹಳೇನಗರದ ಆಪಾರ ಹಿರಿಯ ಮಗಳಿಗೆ ಈಚೆಗೆ ಸಂಬಂಧ ನೋಡುತ್ತಿದ್ದರು. ಗಂಡಿನ ಕಡೆಯ ಹೆಂಗಸರು ಚಹಾ ಕುಡಿದು, ಹುಡುಗಿಯನ್ನು ಮೆಚ್ಚಿ ಹೋದವರು ಮರಳಿ ಬರಲಿಲ್ಲ. ಬೀದಿಯಲ್ಲಿ ಯಾರೋ ಕಿವಿಗೆ ಹಾಕಿದ್ದರಂತೆ. "ಅವರು ಬಂದು ನನ್ನನ್ನೇ ಕೇಳಬಹುದಿತ್ತಲ್ಲ ಭಾಯಿ, ಎಷ್ಟು ದಿನ ಇತ್ತು, ಯಾವಾಗ ಹೋಯಿತು ಎಂದು ನಾನೇ ಹೇಳುತ್ತಿದ್ದೆ" ಎಂದರು ಆಪಾ. ಚೀಟಿಯನ್ನು ಬೀರುವಿನಿಂದ ತೆಗೆದು ನಮ್ಮ ಕೈಗೆ ಕೊಟ್ಟು, ಅದರ ಮೇಲೆ ಏನು ಬರೆದಿದೆ ಓದಿ ಹೇಳಿ ಎಂದರು.