ಸಕುರಾ ಮಾರ್ಟಿನಿ: ಉಪ್ಪು ಸೋಕಿದ ಹೂವು

ಹೂವಿನ ಕಾಕ್‌ಟೇಲ್ ಎಂದರೆ ನನಗೆ ಮೊದಲಿನಿಂದಲೂ ಗುಮಾನಿ. ಗುಲಾಬಿ ಸಿರಪ್ಪನ್ನೋ ಲ್ಯಾವೆಂಡರ್ ಸಿರಪ್ಪನ್ನೋ ಧಾರಾಳವಾಗಿ ಸುರಿದು ಮೇಲೊಂದು ಎಸಳು ತೇಲಿಬಿಟ್ಟರೆ ಮುಗಿಯಿತು ಎಂಬ ನಂಬಿಕೆ ಬಾರ್ ಲೋಕದಲ್ಲಿ ಬೇರೂರಿದೆ. 2007ರಲ್ಲಿ ಸೇಂಟ್ ಜರ್ಮೇನ್ ಎಂಬ ಎಲ್ಡರ್‌ಫ್ಲವರ್ ಲಿಕ್ಯೂರ್ ಮಾರುಕಟ್ಟೆಗೆ ಬಂದ ಮೇಲಂತೂ ಕಂಡಕಂಡ ಗ್ಲಾಸಿಗೆಲ್ಲ ಹೂವಿನ ಸಿಹಿ ಬೀಳತೊಡಗಿತು. ಮೊದಲ ಗುಟುಕು ಚೆನ್ನ, ಮೂರನೆಯದಕ್ಕೆ ಮುಖ ಮುರಿಯುತ್ತದೆ.

ಈ ಸಾಲಿಗೆ ಸೇರದ ಪೇಯವೊಂದು ನ್ಯೂಯಾರ್ಕಿನಲ್ಲಿದೆ. ಅಲ್ಲಿನ ಪೆಗು ಕ್ಲಬ್ ಎಂಬ ಬಾರ್‌ನಲ್ಲಿ ವರ್ಷಗಟ್ಟಲೆ ಪಳಗಿದ ಜಪಾನಿ ಬಾರ್‌ಟೆಂಡರ್ ಕೆಂಟಾ ಗೊಟೊ, 2015ರಲ್ಲಿ ಲೋಯರ್ ಈಸ್ಟ್ ಸೈಡ್‌ನಲ್ಲಿ ತಮ್ಮದೇ ಆದ ಬಾರ್ ಗೊಟೊ ತೆರೆದರು. ಅಲ್ಲಿ ಹೆಸರು ಮಾಡಿದ್ದು ಸಕುರಾ ಮಾರ್ಟಿನಿ. ಎರಡೂವರೆ ಔನ್ಸ್ ಸಾಕೆ ಎಂಬ ಜಪಾನಿ ಅಕ್ಕಿಮದ್ಯ, ಒಂದು ಔನ್ಸ್ ಜಿನ್, ಕಾಲು ಟೀ ಚಮಚ ಮರಾಸ್ಕಿನೊ ಲಿಕ್ಯೂರ್, ಉಪ್ಪಿನಲ್ಲಿ ಹಾಕಿಟ್ಟ ಒಂದು ಸಕುರಾ, ಅಂದರೆ ಚೆರ್ರಿ ಹೂವು. ಇಷ್ಟೇ. ಸಿರಪ್ ಇಲ್ಲ, ನಿಂಬೆರಸ ಇಲ್ಲ.

ಗಮನಿಸಬೇಕಾದ್ದು ಈ ಪ್ರಮಾಣವನ್ನು. ಮಾರ್ಟಿನಿಯಲ್ಲಿ ವರ್ಮೂತ್ ಬದಲು ಸಾಕೆ ಹಾಕುವುದು ಹಳೆಯ ಚಾಳಿ. ಸಾಕೆಟಿನಿ ಎಂದು ಅದನ್ನು ಕರೆಯುತ್ತಾರೆ. ಅಲ್ಲಿ ದರ್ಬಾರು ಜಿನ್ನಿನದೇ, ಸಾಕೆ ಹೆಸರಿಗಷ್ಟೇ. ಗೊಟೊ ಲೆಕ್ಕವನ್ನೇ ತಲೆಕೆಳಗು ಮಾಡಿದರು. ಸಾಕೆಯಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 15–16, ಜಿನ್ನಿನಲ್ಲಿ ಶೇ. 40ರ ಆಸುಪಾಸು. ಒಂದಕ್ಕೆ ಎರಡೂವರೆ ಬೆರೆಸಿ, ಐಸಿನ ನೀರೂ ಸೇರಿದರೆ ಬಟ್ಟಲಿಗಿಳಿಯುವುದು ಶೇ. 20ಕ್ಕೂ ಕಡಿಮೆ. ಮಾರ್ಟಿನಿಯ ಠೀವಿ ಉಳಿಯಿತು, ಏಟು ಹೋಯಿತು. ಜಿನ್ನಿನ ಜೂನಿಪರ್ ಒಗರು ಹಿಂದೆ ನಿಂತು, ಅಕ್ಕಿಯ ಮೆದು ಸಿಹಿಗೆ ಒಂದು ಬೆನ್ನೆಲುಬು ಕೊಡುತ್ತದೆ.

ಇನ್ನು ಹೂವು. ಜಪಾನಿನಲ್ಲಿ ಜನ ಮುಗಿಬಿದ್ದು ನೋಡುವ ಸೊಮೆಯಿ ಯೊಶಿನೊ ತಳಿಯ ಚೆರ್ರಿ ಹೂವಿಗೆ ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಉಪ್ಪಿಗೆ ಬೀಳುವುದು ಎಸಳುಗಳ ಮೇಲೆ ಎಸಳು ಒತ್ತಿಕೊಂಡ, ಗಾಢ ಗುಲಾಬಿ ಬಣ್ಣದ ಯಾಎಜಕುರಾ. ಕನಗಾವಾ ಪ್ರಾಂತ್ಯದ ಹದಾನೊ ಇದಕ್ಕೆ ಹೆಸರಾದ ಊರು. ಏಪ್ರಿಲ್‌ನಲ್ಲಿ ತೊಟ್ಟಿನ ಸಮೇತ ಕೊಯ್ದು, ಉಪ್ಪು ಮತ್ತು ಉಮೆ ಹಣ್ಣಿನ ಹುಳಿರಸದಲ್ಲಿ ಅದುಮಿಟ್ಟು ಒಣಗಿಸುತ್ತಾರೆ. ಮದುವೆ ಮಾತುಕತೆಯ ದಿನ ಬಿಸಿನೀರಿಗೆ ಹಾಕಿ ಕೊಡುವ ಸಕುರಾಯು ಆಗುವುದೂ ಇದರಿಂದಲೇ. ಇದಕ್ಕೆ ಉಪ್ಪು ಬರೀ ಕಾಪಿಡುವ ಸಾಧನವಲ್ಲ, ಪರಿಮಳ ಹುಟ್ಟುವುದೇ ಅದರಿಂದ: ಸಕುರಾ ಉಪ್ಪಿನಲ್ಲಿ ನೆನೆದಾಗ ಜೀವಕೋಶಗಳು ಒಡೆದು ಕೂಮರಿನ್ ಹೊರಬರುತ್ತದೆ. ಒಣಹುಲ್ಲು, ವೆನಿಲಾ, ಬಾದಾಮಿ ಮೂರನ್ನೂ ನೆನಪಿಸುವ ವಾಸನೆ ಅದು.

ನೀರಿನಲ್ಲಿ ನೆನೆಸಿ ಉಪ್ಪಿಳಿಸಿದ ಹೂವು ತಣ್ಣನೆಯ ಬಟ್ಟಲಿಗೆ ಬಿದ್ದಾಗ ಮೊದಲು ಮುದುಡಿದ ಉಂಡೆ. ನೋಡನೋಡುತ್ತ ಎಸಳುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಎಸಳ ಸಂದಿಯಲ್ಲಿ ಉಳಿದ ಉಪ್ಪು ಕರಗಿ ಪೇಯಕ್ಕೆ ಇಳಿಯುತ್ತದೆ. ಉಪ್ಪು ಕಹಿಯನ್ನು ತಗ್ಗಿಸುವುದರಿಂದ ಜಿನ್ನಿನ ಚೂಪು ಮೊಂಡಾಗುತ್ತದೆ, ಸಾಕೆಯ ಉಮಾಮಿ ಎದ್ದು ಕಾಣುತ್ತದೆ. ಕಡೆಯ ಗುಟುಕುಗಳು ಮೊದಲಿನವುಗಳಿಗಿಂತ ರುಚಿ ಅನ್ನಿಸುವುದು ಇದಕ್ಕೇ. ಮರಾಸ್ಕಿನೊದ ಆಯ್ಕೆಯೂ ಜಾಣತನದ್ದೇ. ಅದು ಆಡ್ರಿಯಾಟಿಕ್ ತೀರದ ಮರಾಸ್ಕಾ ಚೆರ್ರಿಯ ಮದ್ಯ, ಬೀಜದ ಬಾದಾಮಿ ಘಮವನ್ನೂ ಹೊತ್ತು ತರುತ್ತದೆ. ಹೂವು ಜಪಾನಿನದು, ಹಣ್ಣು ಯುರೋಪಿನದು, ವಾಸನೆಯಲ್ಲಿ ಇಬ್ಬರೂ ನೆಂಟರು. ಆದರೆ ಕಾಲು ಚಮಚ ದಾಟಿತೋ, ಕೆಲಸ ಕೆಟ್ಟಿತು.

ದೋಷಗಳಿಲ್ಲವೆಂದಲ್ಲ. ಮುಖ್ಯವಾದದ್ದು ಬಿಸುಪು. ಸಾಕೆ ಮೇಲುಗೈಯಾದ ಪೇಯಕ್ಕೆ ಜಿನ್ ಮಾರ್ಟಿನಿಯ ಬಿಗಿ ಇಲ್ಲ. ಹರಟುತ್ತ ಕೂತರೆ ತಂಪು ಕಳೆದು ಸಪ್ಪೆಯಾಗಿ ಹೋಗುತ್ತದೆ. ಚಿಕ್ಕ ಬಟ್ಟಲಿನಲ್ಲಿ ಬೇಗ ಕುಡಿದು ಮುಗಿಸಬೇಕು. ಇನ್ನೊಂದು, ಹೂವಿನ ಉಪ್ಪು ಸರಿಯಾಗಿ ಇಳಿಸದಿದ್ದರೆ ಸಮುದ್ರದ ನೀರೇ ಗತಿ. ಇಷ್ಟು ಕಡಿಮೆ ಸಾಮಾನಿನ ಪೇಯದಲ್ಲಿ ತಪ್ಪು ಮುಚ್ಚಿಡಲು ಜಾಗವೇ ಇಲ್ಲ.

ಅನುಕರಣೆಗಳ ಕಥೆ ಬೇರೆ. ಬಹುತೇಕರು ಉಪ್ಪಿನ ಹೂವನ್ನು ಬಿಟ್ಟು ಗುಲಾಬಿ ಬಣ್ಣದ ಸಿರಪ್ ಹಾಕುತ್ತಾರೆ, ಅಂದರೆ ಪ್ರಾಣ ಬಿಟ್ಟು ಬಣ್ಣ ಹಿಡಿಯುತ್ತಾರೆ. ಕೆಲವರು ದುಬಾರಿ ದೈಗಿಂಜೊ ಸಾಕೆ ಸುರಿದು ಜಂಬಪಡುತ್ತಾರೆ. ಅಕ್ಕಿಯನ್ನು ಕನಿಷ್ಠ ಅರ್ಧದಷ್ಟು ಸವೆಸಿ, ತಂಪಿನಲ್ಲಿ ನಿಧಾನ ಹುದುಗಿಸಿ ಪಡೆದ ಸೇಬು, ಬಾಳೆಹಣ್ಣಿನಂಥ ನವಿರು ಪರಿಮಳ ಜಿನ್ ಎದುರು ನಿಲ್ಲುವುದಿಲ್ಲ. ದುಡ್ಡು ದಂಡ, ಸಾಕೆಯೂ ದಂಡ.

ಸಾಕೆ, ಜಿನ್ ಜೋಡಿಯ ಹೂವಿನ ಪೇಯಗಳಲ್ಲಿ ನನ್ನ ಮಟ್ಟಿಗೆ ಇದೇ ಮೇಲು. ಮನೆಯಲ್ಲಿ ಮಾಡುವವರು ಜುನ್ಮಾಯಿ ಎಂಬ ಬಗೆಯ ಮೈಕಟ್ಟಿನ ಸಾಕೆ ತನ್ನಿ, ಐಸಿನ ಜೊತೆ ಕಲಕಿ, ಕುಲುಕಬೇಡಿ. ಉಪ್ಪಿನ ಹೂವು ಸಿಗಲಿಲ್ಲವೆಂದರೆ ಬೇರೆ ಏನಾದರೂ ಕುಡಿಯಿರಿ.