ಉಕ್ಕಿ ಹರಿದ ಟ್ಯಾಂಕು

ಈ ವಾರ ಕಾರ್ಬ್ಯುರೇಟರ್ ಜೆಟ್ ಶುಚಿ ಮಾಡುವ ಬಗ್ಗೆ ಬರೆಯುವುದೆಂದು ಹೇಳಿದ್ದೆ. ಅದು ಕಾಯಲಿ. ಕಾರ್ಬ್ಯುರೇಟರ್ ಅಂದೊಡನೆ ಅಮೆರಿಕದ ಮೋಟಾರುಪ್ರಿಯರು ಹೇಳಿಕೊಂಡು ಬಂದ ಒಂದು ಬುರುಡೆ ಕಥೆ ನೆನಪಾಗಿ, ಬೇರೇನೂ ಬರೆಯಲು ಮನಸ್ಸು ಬಾರದು.

ಒಬ್ಬಾತ ಶೇ 40ರಷ್ಟು ಪೆಟ್ರೋಲ್ ಉಳಿಸುವ ಕಾರ್ಬ್ಯುರೇಟರ್ ಕೂರಿಸಿದ. ಶೇ 30 ಉಳಿಸುವ ಸ್ಪಾರ್ಕ್ ಪ್ಲಗ್ ಹಾಕಿದ. ಸಾಲದೆಂದು ಶೇ 50 ಉಳಿಸುವ ಎಂಜಿನ್ ಆಯಿಲ್ ಸುರಿದ. ಊರು ದಾಟುವಷ್ಟರಲ್ಲಿ ಟ್ಯಾಂಕು ಉಕ್ಕತೊಡಗಿತು. ಪಾಪ, ಹತ್ತು ಮೈಲಿಗೊಮ್ಮೆ ಗಾಡಿ ನಿಲ್ಲಿಸಿ ಬಕೆಟ್ಟಿಗೆ ಪೆಟ್ರೋಲ್ ಇಳಿಸಿಕೊಳ್ಳುತ್ತ ಹೋದನಂತೆ!

ಎಂಜಿನ್ ಕುರಿತ ಬುರುಡೆಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಮೂರೂ ಮಾತು ನಿಜವೆಂದೇ ಇಟ್ಟುಕೊಳ್ಳಿ: 100 ಲೀಟರ್ 60 ಆಗುತ್ತದೆ, 60 ಇಳಿದು 42, ಅದು 21. ಎಷ್ಟು ಉಳಿಸಿದರೂ ಸೊನ್ನೆ ಮುಟ್ಟದು. ಕಥೆಗಾರ ಬೇಕೆಂದೇ ತಪ್ಪಾಗಿ ಕೂಡಿ 120 ಮಾಡಿದ್ದಾನೆ. ಮೈಲೇಜ್ ಸಾಧನ ಮಾರುವವರು ತಮ್ಮ ಶೇಕಡಾವಾರುಗಳನ್ನು ಒಟ್ಟಿಗಿಟ್ಟು ಎಂದೂ ನೋಡುವುದಿಲ್ಲ, ಕಥೆ ನೋಡುತ್ತದೆ.

'ಅಂಥ ಕಾರ್ಬ್ಯುರೇಟರ್ ನಿಜಕ್ಕೂ ಇತ್ತು, ತೈಲ ಕಂಪನಿಗಳು ಮುಚ್ಚಿಹಾಕಿದವು' ಎನ್ನುವ ಪಂಥದವರ ಜೊತೆ ನನ್ನ ಜಗಳ ಹಳೆಯದು. ಅವರು ಮುಂದಿಡುವ ಹೆಸರು ಕೆನಡಾದ ವಿನ್ನಿಪೆಗ್‌ನ ಚಾರ್ಲ್ಸ್ ನೆಲ್ಸನ್ ಪೋಗ್. ಪೆಟ್ರೋಲನ್ನು ಪೂರ್ತಿ ಆವಿಯಾಗಿಸಿ ಎಂಜಿನ್ನಿಗೆ ಊಡಿಸುವುದು ಅವರ ಉಪಾಯ; ಗ್ಯಾಲನ್ನಿಗೆ 200 ಮೈಲಿ ಓಡುತ್ತದೆಂಬ ಸುದ್ದಿ 1930ರ ದಶಕದಲ್ಲಿ ಹಬ್ಬಿತು. ಮುಚ್ಚಿಟ್ಟದ್ದಾದರೂ ಏನನ್ನು? 1930, 1935, 1936ರಲ್ಲಿ ಪೋಗ್ ಅವರಿಗೆ ಅಮೆರಿಕದ ಪೇಟೆಂಟ್‌ಗಳು ದೊರೆತಿವೆ, ನಕ್ಷೆ ಸಮೇತ ಬಹಿರಂಗವಾಗಿ. ಆಗಿನ ಕಾನೂನಿನಂತೆ ಪೇಟೆಂಟಿನ ಆಯಸ್ಸು 17 ವರ್ಷ. ಕೊನೆಯದೂ 1953ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ಯಾವ ಗ್ಯಾರೇಜಿನವರೂ ಯಾರನ್ನೂ ಕೇಳದೆ ಅದನ್ನು ಮಾಡಿ ಮಾರಬಹುದಿತ್ತು.

ಗ್ಯಾಲನ್ನಿಗೆ 200 ಮೈಲಿ ಬರುವುದು ಎಲ್ಲಿಂದ? ಸರಿಯಾಗಿ ಟ್ಯೂನ್ ಆದ ಎಂಜಿನ್‌ನಲ್ಲಿ ಉರಿಯದೆ ಉಳಿಯುವ ಪೆಟ್ರೋಲ್ ತೀರಾ ಕಡಿಮೆ. ಪೋಲಾಗುವುದು ಉರಿದ ಮೇಲಿನ ಶಾಖ. ಅರ್ಧಕ್ಕೂ ಹೆಚ್ಚು ಶಾಖ ರೇಡಿಯೇಟರ್, ಸೈಲೆನ್ಸರ್‌ಗಳ ಮೂಲಕವೇ ಹೊರಟುಹೋಗುತ್ತದೆ. ಪೆಟ್ರೋಲ್ ಹನಿಯಾಗಿ ಬಂದರೂ ಆವಿಯಾಗಿ ಬಂದರೂ ಆ ನಷ್ಟ ತಪ್ಪದು. ಈ ಪಂಥದವರು ಶಾಖದ ಲೆಕ್ಕವನ್ನು ಒಮ್ಮೆಯೂ ಮುಟ್ಟುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1970ರ ದಶಕದಿಂದ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಅಲ್ಪಸ್ವಲ್ಪವಾದರೂ ಪೆಟ್ರೋಲ್ ಉಳಿಸಿದವು ಬೆರಳೆಣಿಕೆಯಷ್ಟು. ಅವುಗಳಲ್ಲೂ ಕೆಲವು ಹೊಗೆಯ ವಿಷವನ್ನು ಹೆಚ್ಚಿಸಿ ಆ ಲಾಭ ತಂದಂಥವು.