ನಿತ್ಯದ ನುಡಿಗಟ್ಟು ಮತ್ತು ವಚನಗುಪ್ತಿ

ವ್ರತಸ್ಥರ ಮನೆಗಳಲ್ಲಿ ಸೂರ್ಯಾಸ್ತದ ನಂತರ ಊಟವಿಲ್ಲ. ಸೋಸದ ನೀರನ್ನು ಕುಡಿಯುವುದಿಲ್ಲ. ಆದರೆ ಅವೇ ಮನೆಗಳ ಮಾತಿನಲ್ಲಿ ಒಂದು ಕಲ್ಲಿಗೆ ಎರಡು ಹಕ್ಕಿಗಳು ಉರುಳುತ್ತವೆ, ಹಾವು ಸಾಯುತ್ತದೆ, ಕೊಂದ ಪಾಪ ತಿಂದು ಪರಿಹಾರವಾಗುತ್ತದೆ. ಬಾಯಿಯೊಳಗೆ ಹೋಗುವುದನ್ನು ಇಷ್ಟು ಎಚ್ಚರದಿಂದ ಸೋಸುವ ಶ್ರಾವಕನು ಬಾಯಿಂದ ಹೊರಬರುವುದನ್ನು ಸೋಸಬೇಡವೇ? 'ಅದು ಬರಿಯ ಮಾತು' ಎಂಬ ಸಮಾಧಾನ ಎಷ್ಟು ದೂರ ಸಲ್ಲುತ್ತದೆ?

ಈ ವಿವೇಚನೆಗೆ ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಸಂತಪುರದಂತಹ ಗಡಿಸೀಮೆಯ ಊರು ತಕ್ಕ ನೆಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಭಾಗದಲ್ಲಿ ಕನ್ನಡ, ಮರಾಠಿ, ಉರ್ದು ನುಡಿಗಳು ಅಕ್ಕಪಕ್ಕದಲ್ಲಿ ಬಾಳಿವೆ. ಆದ್ದರಿಂದ ಒಂದೇ ನುಡಿಗಟ್ಟು ಹಲವು ಉಡುಪಿನಲ್ಲಿ ಕಿವಿಗೆ ಬೀಳುತ್ತದೆ. ಕನ್ನಡದ 'ತಲೆ ತಿನ್ನಬೇಡ', ಮರಾಠಿಯ 'ಡೋಕಂ ಖಾಊ ನಕೋಸ್', ಉರ್ದುವಿನ 'ದಿಮಾಗ್ ಮತ್ ಖಾಓ' ಇವೆಲ್ಲ ಒಂದೇ ಚಿತ್ರ. ಇಲ್ಲಿ ತಿನ್ನುವ ಕ್ರಿಯೆ ಆಡುವವನ ಮನಸ್ಸಿಗೂ ಬಾರದು, ಕೇಳುವವನ ಮನಸ್ಸಿಗೂ ಬಾರದು, ಬೇಸರವೊಂದೇ ಉಳಿದಿರುತ್ತದೆ. ಇಂತಹ ಮಾತಿನಲ್ಲಿ ಹಿಂಸೆಯನ್ನು ಹುಡುಕುವುದು ಅತಿರೇಕವಾದೀತು.

ಎಲ್ಲ ನುಡಿಗಟ್ಟುಗಳೂ ಹೀಗಲ್ಲ. ಹಿಂದಿಯಲ್ಲಿ 'ಸಾಂಪ್ ಭೀ ಮರ್ ಜಾಯೆ, ಲಾಠೀ ಭೀ ನ ಟೂಟೆ' ಎನ್ನುತ್ತಾರೆ. ಕನ್ನಡದಲ್ಲಿ 'ಹಾವೂ ಸಾಯಬೇಕು, ಕೋಲೂ ಮುರಿಯಬಾರದು' ಎಂಬ ರೂಪದ ಜೊತೆಗೆ 'ಹಾವೂ ಸಾಯಬಾರದು, ಕೋಲೂ ಮುರಿಯಬಾರದು' ಎಂಬ ರೂಪವೂ ವ್ಯಾಪಕವಾಗಿದೆ. 'ಬೇಕು' ಎಂಬುದು 'ಬಾರದು' ಆದೊಡನೆ ಉಪಾಯಗಾರಿಕೆಯ ಮಾತು ಸಂಧಾನದ ಮಾತಾಗುತ್ತದೆ. ಹಾವಿನ ಜೀವವೂ ಉಳಿಯುತ್ತದೆ. ಹಾಗೆಯೇ ಒಂದು ಕಲ್ಲಿಗೆ ಎರಡು ಹಕ್ಕಿ ಎಂಬ ಮಾತು ಇಂಗ್ಲಿಷಿನಲ್ಲಿ 17ನೆಯ ಶತಮಾನದಿಂದ ಇದೆ. ಅದೇ ಅರ್ಥಕ್ಕೆ ಹಿಂದಿಯಲ್ಲಿ 'ಏಕ್ ಪಂಥ್ ದೋ ಕಾಜ್', ಅಂದರೆ ಒಂದು ದಾರಿ, ಎರಡು ಕೆಲಸ, ಎಂಬ ಮಾತಿದೆ. ಅದರಲ್ಲಿ ಯಾವ ಜೀವಿಗೂ ನೋವಿಲ್ಲ, ಅರ್ಥಕ್ಕೂ ಕೊರತೆಯಿಲ್ಲ.

ಆಯ್ಕೆ ಇರುವಲ್ಲಿ ಹೊಣೆಯೂ ಇರುತ್ತದೆ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವಚನಗುಪ್ತಿಯನ್ನು ಅಹಿಂಸಾವ್ರತದ ಐದು ಭಾವನೆಗಳಲ್ಲಿಯೇ ಎಣಿಸುತ್ತದೆ. ಮಾತಿನ ಹತೋಟಿ ಸತ್ಯವ್ರತಕ್ಕೆ ಮಾತ್ರ ಸಂಬಂಧಿಸಿದ್ದಲ್ಲ ಎಂಬುದು ಇದರ ತಾತ್ಪರ್ಯ. ಅದೇ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಮೂಲವಾಗಿ ಹಿಡಿಯುತ್ತದೆ.

ಕಲ್ಪಿತ ಹಿಂಸೆಯ ಪ್ರಶ್ನೆ ಜೈನಸಾಹಿತ್ಯಕ್ಕೆ ಹೊಸದಲ್ಲ. ಯಶೋಧರನ ಕಥೆ ಅದನ್ನೇ ಕುರಿತದ್ದು. ಸೋಮದೇವಸೂರಿ 959ರಲ್ಲಿ ಯಶಸ್ತಿಲಕವನ್ನು ಸಂಸ್ಕೃತದಲ್ಲಿ ಮುಗಿಸಿದನು. ಅದೇ ಶತಮಾನದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವಾದ ಮಾನ್ಯಖೇಟದಲ್ಲಿ, ಪುಷ್ಪದಂತನು ಅಪಭ್ರಂಶದಲ್ಲಿ ಜಸಹರಚರಿಉ ರಚಿಸಿದನು. 1209ರಲ್ಲಿ ಜನ್ನನು ಅದನ್ನು ಕನ್ನಡದ ಯಶೋಧರಚರಿತೆಯಾಗಿಸಿದನು. ಜೀವಬಲಿಗೆ ಒಪ್ಪದ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ರಕ್ತ ಹರಿಯದಿದ್ದರೂ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಪಕ್ಷಿಗಳಾಗಿ ತೊಳಲುತ್ತಾರೆ. ಕೋಳಿ ಹಿಟ್ಟಿನದಾದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ನುಡಿಗಟ್ಟುಗಳಿಗೂ ಇದೇ ಒರೆಗಲ್ಲು: ಮಾತಿನಲ್ಲಿ ಮೂಡುವ ಚಿತ್ರಕ್ಕಿಂತ ಅದರ ಹಿಂದಿನ ಮನಸ್ಸನ್ನು ನೋಡಬೇಕು.

ಈ ಒರೆಗಲ್ಲಿನಲ್ಲಿ ಪೂರ್ತಿ ಸೋಲುವ ಮಾತು 'ಕೊಂದ ಪಾಪ ತಿಂದು ಪರಿಹಾರ'. ಆಗಬಾರದ್ದು ಆಗಿಹೋಯಿತು, ಇನ್ನು ಅದರ ಲಾಭವನ್ನಾದರೂ ಪಡೆಯೋಣ ಎನ್ನುವಾಗ ಇದನ್ನು ನಗುತ್ತಲೇ ಬಳಸುತ್ತಾರೆ. 'ತಲೆ ತಿನ್ನು' ಎಂಬಂತೆ ಇದು ಸವೆದುಹೋದ ಚಿತ್ರವಲ್ಲ, ಇದೊಂದು ವಾದ. ಜೈನಸಿದ್ಧಾಂತದಂತೆ ಕರ್ಮವು ತಾನು ಮಾಡಿದ್ದರಿಂದ, ಮಾಡಿಸಿದ್ದರಿಂದ, ಅನುಮೋದಿಸಿದ್ದರಿಂದ ಅಂಟುತ್ತದೆ. ಅದರ ನಿರ್ಜರೆ ತಪಸ್ಸಿನಿಂದ. ತಪ್ಪಿನ ಫಲವನ್ನು ಒಪ್ಪಿ ಉಣ್ಣುವುದು ಅನುಮೋದನೆ. ಗಾದೆ ಪರಿಹಾರವೆಂದದ್ದನ್ನು ಸಿದ್ಧಾಂತವು ಹೊಸ ಬಂಧವೆನ್ನುತ್ತದೆ. ಬಸದಿಯ ಜೀರ್ಣೋದ್ಧಾರಕ್ಕೆಂದು ಬಂದ ಹಣ ಬೇರೊಂದು ಕಟ್ಟಡಕ್ಕೆ ಖರ್ಚಾದಾಗ, 'ಆದದ್ದಾಯಿತು, ಕಟ್ಟಡವಾದರೂ ಉಪಯೋಗಕ್ಕೆ ಬರಲಿ' ಎಂದು ಟ್ರಸ್ಟಿನ ಸಭೆಯಲ್ಲಿ ಯಾರಾದರೂ ಈ ಗಾದೆ ಎತ್ತಿದರೆ ಅದು ಹಾಸ್ಯವಾಗಿ ಉಳಿಯದು. ದಾನಿಯ ನಂಬಿಕೆಯ ವಿಚಾರ ಆ ನಗೆಯಲ್ಲಿ ಮುಚ್ಚಿಹೋಗುತ್ತದೆ. ಲೆಕ್ಕ ಕೇಳಬೇಕಾದವರೂ ಸುಮ್ಮನಾಗುತ್ತಾರೆ.

ಇದಕ್ಕೆ ಎದುರಾಗಿ 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆ ಕರ್ಮತತ್ತ್ವಕ್ಕೆ ಬಲು ಸಮೀಪವಾದುದು. 1915ರಲ್ಲಿ ಎಂ. ಎಸ್. ಪುಟ್ಟಣ್ಣನವರು ತಮ್ಮ ಕಾದಂಬರಿಗೆ ಇದನ್ನೇ ಹೆಸರಾಗಿಟ್ಟರು. ತನಗೆ ತಾನು ಹೇಳಿಕೊಂಡಾಗ ಇದು ಆತ್ಮಾವಲೋಕನ. ಕಾಯಿಲೆಯಿಂದ ಮಲಗಿದವನ, ವ್ಯಾಪಾರ ಮುರಿದವನ ಮುಂದೆ ಇದನ್ನೇ ಆಡಿದರೆ ಅದು ಗಾಯದ ಮೇಲೆ ಉಪ್ಪು. ಚಿತ್ರದಲ್ಲಿ ಒಂದು ಹನಿ ರಕ್ತವಿಲ್ಲದ ಮಾತೂ ಹೀಗೆ ಹಿಂಸೆಯಾಗಬಲ್ಲದು.

ಆದ್ದರಿಂದ ನುಡಿಗಟ್ಟುಗಳನ್ನು ಪಟ್ಟಿಮಾಡಿ ಬಹಿಷ್ಕರಿಸುವುದು ವಚನಗುಪ್ತಿಯಲ್ಲ. ಅದರಿಂದ ಭಾಷೆ ಬಡವಾಗುತ್ತದೆ, ನಡತೆ ಶುದ್ಧವಾಗುವುದಿಲ್ಲ. ಸವೆದ ಚಿತ್ರಗಳು ಇದ್ದುಕೊಳ್ಳಲಿ. ಎರಡು ರೂಪಗಳಿರುವಲ್ಲಿ ಹಾವನ್ನು ಉಳಿಸುವ ರೂಪವನ್ನು ಮಕ್ಕಳಿಗೆ ಕಲಿಸುವುದು ಲೇಸು. ತಪ್ಪನ್ನು ಸಮರ್ಥಿಸಲು ಗಾದೆಯೊಂದು ನಾಲಗೆಯ ತುದಿಗೆ ಬಂದಾಗ ಮಾತ್ರ, ನೀರನ್ನು ಸೋಸುವ ಎಚ್ಚರದಿಂದಲೇ ಅದನ್ನು ತಡೆದು, ತಪ್ಪನ್ನು ತಪ್ಪೆಂದೇ ಹೇಳುವುದು ಶ್ರಾವಕಧರ್ಮಕ್ಕೆ ಒಪ್ಪುವ ನಡೆ.